ಕಡತಗಳು ಬೆಟ್ಟವೇರಿದ ಕಾಲ

ಮೇ ತಿಂಗಳು ಹತ್ತಿರ ಬಂತೆಂದರೆ ದೆಹಲಿಯ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಮಕ್ಕಳ ರಜಕ್ಕೆ ಊರಿಗೆ ಹೋಗುವುದೋ, ಬೆಟ್ಟಕ್ಕೆ ಹೋಗುವುದೋ? ಊರಿಗೆ ಹೋದರೆ ಬಂಧುಬಳಗದ ಮನೆ ಸುತ್ತುವುದರಲ್ಲೇ ರಜ ಮುಗಿಯುತ್ತದೆ. ಬೆಟ್ಟಕ್ಕೆ ಹೋದರೆ ಹೋಟೆಲ್ ಬಿಲ್ಲಿನಲ್ಲಿ ಸಂಬಳ ಮುಗಿಯುತ್ತದೆ. ಈ ಸಲ ನಮ್ಮ ಮನೆಯಲ್ಲಿ ಬೆಟ್ಟದ ಪಕ್ಷಕ್ಕೆ ಬಹುಮತ ಬಂದಿತು. ಒಂದು ವಾರ, ಕಾಲ್ಕಾದಿಂದ ಹೊರಟು ಕಸೌಲಿ, ಶಿಮ್ಲಾ, ಅಲ್ಲಿಂದಾಚೆಗೆ ಕೋಟ್‌ಗಢ. ಸಂಘದ ಕೆಲವು ಮಿತ್ರರು ‘ನಿಮ್ಮ ಕಾರ್ಯಕ್ರಮವನ್ನು ಬರೆದುಕೊಡಿ, ನಮಗೂ ಉಪಯೋಗವಾಗುತ್ತದೆ’ ಎಂದರು. ಕಾರ್ಯಕ್ರಮ ಬರೆಯಲು ಕುಳಿತವನು ಇತಿಹಾಸದೊಳಗೆ ಜಾರಿದೆ. ವಾಚಕರು ಕ್ಷಮಿಸಬೇಕು. ಆದರೆ ಆ ಬೆಟ್ಟಗಳಿಗೂ ನನ್ನಂಥ ಸರಕಾರಿ ಗುಮಾಸ್ತರಿಗೂ ಇರುವ ನಂಟು ಸಾಮಾನ್ಯವಾದುದಲ್ಲ.

ಮೊದಲು ಹಳೆಯ ಕಥೆ. 1814ರಿಂದ 1816ರವರೆಗೆ ನಡೆದ ಗೂರ್ಖಾ ಯುದ್ಧದ ನಂತರ ಈ ಬೆಟ್ಟಸೀಮೆ ಇಂಗ್ಲಿಷರ ಹಿಡಿತಕ್ಕೆ ಬಂದಿತು. ಚಿಕ್ಕಪುಟ್ಟ ರಾಜರಿಗೆ ಅವರವರ ಸಂಸ್ಥಾನಗಳನ್ನು ಸನದು ಬರೆದು ಹಿಂದಿರುಗಿಸಿದರು. 1822ರಲ್ಲಿ ಕೆನಡಿ ಎಂಬ ಅಧಿಕಾರಿ ಶಿಮ್ಲಾದಲ್ಲಿ ಮೊದಲ ಭದ್ರವಾದ ಮನೆಯನ್ನು ಕಟ್ಟಿಕೊಂಡ. 1830ರಲ್ಲಿ ಕಿಯೋಂಥಲ್ ಮತ್ತು ಪಟಿಯಾಲ ಸಂಸ್ಥಾನಗಳಿಂದ ಬೇರೆ ಹಳ್ಳಿಗಳಿಗೆ ಬದಲಾಗಿ ಈ ಜಾಗವನ್ನು ಪಡೆದುಕೊಂಡರು. ಸೆಕೆ ತಾಳದ ಸಾಹೇಬರು, ರೋಗದಿಂದ ಚೇತರಿಸಿಕೊಳ್ಳುವ ಸಿಪಾಯಿಗಳು, ಒಬ್ಬರ ಹಿಂದೆ ಒಬ್ಬರು ಬಂದರು. ಇಷ್ಟೇ ಆಗಿದ್ದರೆ ಶಿಮ್ಲಾ ನಮ್ಮ ಊಟಿಯ ಹಾಗೆ ಇನ್ನೊಂದು ಗಿರಿಧಾಮವಾಗಿ ಉಳಿಯುತ್ತಿತ್ತು.

1864ರಲ್ಲಿ ವೈಸರಾಯ್ ಆಗಿ ಬಂದ ಸರ್ ಜಾನ್ ಲಾರೆನ್ಸ್ ಲೆಕ್ಕಾಚಾರವನ್ನೇ ಬದಲಾಯಿಸಿದ. ಕಲ್ಕತ್ತದಲ್ಲಿ ಐದು ದಿನ ಹಿಡಿಯುವ ಕೆಲಸಕ್ಕಿಂತ ಹೆಚ್ಚಿನದನ್ನು ಶಿಮ್ಲಾದಲ್ಲಿ ಒಂದೇ ದಿನದಲ್ಲಿ ಮಾಡಬಹುದೆಂದು ಅವನ ವಾದ. (ಈ ವಾದವನ್ನು ನಮ್ಮ ಮೇಲಧಿಕಾರಿಗಳ ಮುಂದೆ ನಾವು ಮಂಡಿಸಿದರೆ ಏನಾದೀತೋ ತಿಳಿಯದು.) ಅಂದಿನಿಂದ ವರ್ಷಂಪ್ರತಿ ಬೇಸಗೆ ಕಾಲಿಟ್ಟೊಡನೆ ಭಾರತ ಸರಕಾರವೇ ಗಂಟುಮೂಟೆ ಕಟ್ಟಿ ಬೆಟ್ಟ ಹತ್ತತೊಡಗಿತು, ಮಳೆಗಾಲ ಕಳೆದು ಚಳಿ ಬಲಿಯುವ ಮೊದಲು ಇಳಿಯುತ್ತಿತ್ತು. ಕಲ್ಕತ್ತದಿಂದ ಶಿಮ್ಲಾಕ್ಕೆ ಸಾವಿರ ಮೈಲಿಗೂ ಮೇಲೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಇಷ್ಟು ದೊಡ್ಡ ದೇಶದ ಆಡಳಿತವೆಲ್ಲ ಈ ಒಂದು ಏಣಿನ ಮೇಲೆ ಕುಳಿತು ನಡೆಯುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ.

ಸರಕಾರ ಹತ್ತಿತೆಂದರೆ ವೈಸರಾಯ್ ಒಬ್ಬನೇ ಹತ್ತಲಿಲ್ಲ. ಕಡತಗಳು, ಕಪಾಟುಗಳು, ಮುದ್ರಣಾಲಯ, ಶಾಯಿ, ಕೆಂಪು ದಾರ, ಇವೆಲ್ಲದರ ಜೊತೆಗೆ ಗುಮಾಸ್ತರ ಒಂದು ದೊಡ್ಡ ಪಡೆ ಹತ್ತಿತು. ಮೊದಲ ದಶಕಗಳಲ್ಲಿ ಅವರಲ್ಲಿ ಬಂಗಾಳಿ ಬಾಬುಗಳು ಬಹಳ. ಶಿಮ್ಲಾದ ಕಾಳೀಬಾಡಿ 1845ರಷ್ಟು ಹಳೆಯದು. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಸಂಘದ ಕಟ್ಟಡ ನೆನಪಿಗೆ ಬರುತ್ತದೆ. ಪರಸ್ಥಳಕ್ಕೆ ಹೋದವರು ಮೊದಲು ಮಾಡುವುದು ನಾಲ್ಕು ಜನ ಕೂಡುವುದಕ್ಕೊಂದು ಸೂರು. 1911ರ ದರ್ಬಾರಿನಲ್ಲಿ ಘೋಷಣೆಯಾಗಿ ರಾಜಧಾನಿ ದೆಹಲಿಗೆ ಬಂದ ಮೇಲೆ ದಾರಿ ಹತ್ತಿರವಾಯಿತು, ವಲಸೆ ನಿಲ್ಲಲಿಲ್ಲ. ದೆಹಲಿಯ ಕೆಲವು ಹಳೆಯ ಶಾಲೆಗಳು ಸಹ ಗುಮಾಸ್ತರ ಮಕ್ಕಳ ಹಿಂದೆಯೇ ಬೇಸಗೆಯಲ್ಲಿ ಶಿಮ್ಲಾಕ್ಕೂ ಚಳಿಗಾಲದಲ್ಲಿ ದೆಹಲಿಗೂ ಓಡಾಡಿದವು. ವರ್ಷಕ್ಕೆರಡು ಸಲ ಮನೆ ಕಟ್ಟಿ ಮನೆ ಬಿಚ್ಚುವ ಆ ಗೃಹಿಣಿಯರ ಪಾಡನ್ನು ಬರೆದವರು ಕಡಿಮೆ. ಎರಡನೇ ಮಹಾಯುದ್ಧದ ಹೊತ್ತಿಗೆ ಈ ವಲಸೆ ಬಹುಮಟ್ಟಿಗೆ ನಿಂತುಹೋಯಿತು.

ಶಿಮ್ಲಾದಲ್ಲಿ ಯಾರು ಎಷ್ಟು ಎತ್ತರದಲ್ಲಿ ವಾಸಿಸುತ್ತಾರೆಂಬುದರಿಂದಲೇ ಅವರ ಹುದ್ದೆಯನ್ನು ಹೇಳಬಹುದಾಗಿತ್ತು. ಏಣಿನ ಮೇಲೆ ಸಾಹೇಬರ ಬಂಗಲೆಗಳು. ಅದರ ಕೆಳಗೆ ಮಾಲ್ ರಸ್ತೆ. ಅಲ್ಲಿಂದ ಮೆಟ್ಟಿಲಿಳಿದರೆ ಲೋಯರ್ ಬಜಾರು. ಇನ್ನೂ ಕೆಳಗೆ ಇಳಿಜಾರಿನಲ್ಲಿ ಫಾಗ್ಲಿ ಮೊದಲಾದ ಕಡೆ ಗುಮಾಸ್ತರ ವಸತಿ. ಮಾಲ್ ರಸ್ತೆಯಲ್ಲಿ ಗಾಡಿಯೇರಿ ಹೋಗುವ ಹಕ್ಕು ಮೂವರಿಗೆ ಮಾತ್ರ: ವೈಸರಾಯ್, ಸೇನಾ ದಂಡನಾಯಕ, ಪಂಜಾಬಿನ ಗವರ್ನರು. ಉಳಿದ ದೊಡ್ಡವರು ಮನುಷ್ಯರು ಎಳೆಯುವ ರಿಕ್ಷಾಗಳಲ್ಲಿ ಹೋಗುತ್ತಿದ್ದರು. 1921ರ ಮೇ ತಿಂಗಳಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಅವರ ಭೇಟಿಗೆಂದು ಬಂದ ಗಾಂಧೀಜಿ ಇದನ್ನೆಲ್ಲ ಕಂಡು, ಇಲ್ಲಿಂದ ನಡೆಯುವ ಆಡಳಿತವನ್ನು ಐನೂರನೆಯ ಅಂತಸ್ತಿನಲ್ಲಿ ಕುಳಿತ ಸರಕಾರಕ್ಕೆ ಹೋಲಿಸಿದರು.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಚೇರಿಯ ಕೆಲಸದ ಮೇಲೆ ಎರಡು ದಿನ ಶಿಮ್ಲಾಕ್ಕೆ ಹೋಗಿದ್ದೆ. ಕಾರ್ಟ್ ರೋಡಿನಿಂದ ಮೇಲಕ್ಕೆ ಮೆಟ್ಟಿಲು ಹತ್ತುತ್ತ ಏದುಸಿರು ಬಿಟ್ಟು ನಿಂತಿದ್ದಾಗ, ಹಿಂದಿನಿಂದ ಒಂದು ಉಕ್ಕಿನ ಬೀರು ತಾನೇ ನಡೆದುಕೊಂಡು ಬರುವಂತೆ ಕಂಡಿತು. ಅದರ ಅಡಿಯಲ್ಲಿ ಮನುಷ್ಯನೊಬ್ಬ ಇದ್ದ, ಬೆನ್ನಿಗೆ ಹಗ್ಗದಿಂದ ಬೀರು ಬಿಗಿದುಕೊಂಡು, ನೆಲವನ್ನೇ ನೋಡುತ್ತ. ಯಾವುದೋ ಕಚೇರಿಯ ಸಾಮಾನು. ದಾರಿ ಬಿಡಿ ಎಂದೂ ಅವನು ಹೇಳಲಿಲ್ಲ. ಹೇಳುವಷ್ಟು ಉಸಿರಿರಲಿಲ್ಲವೋ ಏನೋ. ಅಲ್ಲಿಯವರೆಗೆ ಶಿಮ್ಲಾದ ಇತಿಹಾಸವೆಂದರೆ ನನಗೆ ವೈಸರಾಯ್‌ಗಳ ಪಟ್ಟಿಯಾಗಿತ್ತು. ಈ ಊರಿನ ಪ್ರತಿ ಕಡತವೂ ಹೀಗೆಯೇ ಮೇಲೆ ಬಂದಿರಬೇಕಲ್ಲವೇ ಎಂದು ಆಗ ಹೊಳೆಯಿತು.

ಹೊಳೆದದ್ದು ನಿಜವೇ ಆಗಿತ್ತು. ರೈಲು ಬರುವ ಮೊದಲು ಕಾಲ್ಕಾದಿಂದ ಶಿಮ್ಲಾಕ್ಕೆ ಟಾಂಗಾ, ಎತ್ತಿನ ಗಾಡಿ, ಹೇಸರಗತ್ತೆ, ಇಲ್ಲವೇ ಮನುಷ್ಯನ ಬೆನ್ನು. ಬೆಟ್ಟದ ರಾಜರಿಗೆ ಕೊಟ್ಟ ಸನದುಗಳಲ್ಲಿ ಸರಕಾರಕ್ಕೆ ಬೇಕಾದಾಗ ಬಿಟ್ಟಿ ಆಳುಗಳನ್ನು ಒದಗಿಸಬೇಕು, ರಸ್ತೆ ಮಾಡಿಸಿಕೊಡಬೇಕು ಎಂಬ ಷರತ್ತುಗಳಿದ್ದವು. ಇದಕ್ಕೆ ಬೇಗಾರ್ ಎಂದು ಹೆಸರು. ರಾಜನ ಮೇಲೆ ಬಿದ್ದ ಹೊರೆ ರೈತನ ಬೆನ್ನಿಗೆ ಇಳಿಯಿತು. ಬಿತ್ತನೆಯ ಕಾಲವೋ ಕೊಯ್ಲಿನ ಕಾಲವೋ ನೋಡದೆ ಹಳ್ಳಿಗನನ್ನು ಎಬ್ಬಿಸಿ ಸಾಹೇಬನ ಪೆಟ್ಟಿಗೆ ಹೊರಿಸುವುದು. ಆ ಕಡತಗಳನ್ನು ಬರೆದವರು ನನ್ನ ವೃತ್ತಿಯ ಹಿರಿಯರು. ಕೆಳಗಿನ ಇಳಿಜಾರಿನಲ್ಲಿ ಇಕ್ಕಟ್ಟಿನ ಕೋಣೆಗಳಲ್ಲಿದ್ದ ಅವರಿಗೆ ಸಾಹೇಬನ ಮೇಲೆ ಸಿಟ್ಟಿದ್ದೀತು. ಆದರೆ ತಮ್ಮ ಅಕ್ಷರದ ಭಾರವನ್ನು ಹೊತ್ತವನ ಕಡೆಗೆ ಅವರಲ್ಲಿ ಎಷ್ಟು ಜನ ತಿರುಗಿ ನೋಡಿದರೋ!

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ವಾರದ ಕಾರ್ಯಕ್ರಮಕ್ಕೆ ಬರುತ್ತೇನೆ. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಅಕ್ಟೋಬರ್. ಹಳೆಯ ಸರಕಾರದ ಪಂಚಾಂಗವೇ ನಮಗೂ ಸರಿ. ಮಳೆಗಾಲದಲ್ಲಿ ಖಂಡಿತ ಬೇಡ. 2023ರ ಆಗಸ್ಟ್‌ನಲ್ಲಿ ಸಮ್ಮರ್ ಹಿಲ್‌ನ ಶಿವಾಲಯದ ಮೇಲೆ ಗುಡ್ಡ ಕುಸಿದು 20 ಜನ ಸತ್ತರು. ಅಲ್ಲೇ ರೈಲು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ತೂಗಾಡಿತು.

ದೆಹಲಿಯಲ್ಲಿ ರಾತ್ರಿ ಕಾಲ್ಕಾ ಮೇಲ್ ಹತ್ತಿದರೆ ನಸುಕಿಗೆ ಕಾಲ್ಕಾ. 1866ರಲ್ಲಿ ಹೌರಾ–ದೆಹಲಿ ನಡುವೆ ಹೊರಟ ಈ ಗಾಡಿ 1891ರಲ್ಲಿ ಕಾಲ್ಕಾವರೆಗೆ ಬಂದಿತು. ಸರಕಾರದ ವಲಸೆಯ ಗಾಡಿಯೆಂದರೆ ಇದೇ. 2021ರಿಂದ ಅದರ ಹೆಸರು ನೇತಾಜಿ ಎಕ್ಸ್‌ಪ್ರೆಸ್. ಕಾಲ್ಕಾದಲ್ಲಿ ಚಿಕ್ಕ ಗಾಡಿಗೆ ಬದಲಾಯಿಸಬೇಕು. 1903ರ ನವೆಂಬರ್ 9ರಂದು ತೆರೆದ ಈ ಮಾರ್ಗದ ಉದ್ದ 96 ಕಿಲೋಮೀಟರಿಗೆ ತುಸು ಹೆಚ್ಚು. ಹಳಿಗಳ ನಡುವಣ ಅಗಲ ಎರಡೂವರೆ ಅಡಿ. ಮೊದಲು ಎರಡಡಿ ಸಾಕೆಂದು ಕೆಲಸ ಹಿಡಿದಿದ್ದರು, ಸೈನ್ಯದವರು ಒಪ್ಪಲಿಲ್ಲ. ಸಮುದ್ರಮಟ್ಟದಿಂದ 656 ಮೀಟರ್ ಎತ್ತರದ ಕಾಲ್ಕಾದಿಂದ 2,076 ಮೀಟರ್ ಎತ್ತರದ ಶಿಮ್ಲಾಕ್ಕೆ ಹತ್ತಲು 102 ಸುರಂಗಗಳು, 800ಕ್ಕೂ ಮೇಲ್ಪಟ್ಟ ಸೇತುವೆಗಳು, 919 ತಿರುವುಗಳು. ಸೇತುವೆಗಳು ಹೆಚ್ಚಾಗಿ ಕಲ್ಲುಕಮಾನಿನವು. ಕನೋಹ್ ಬಳಿ ನಾಲ್ಕು ಅಂತಸ್ತಿನ ಕಮಾನು ಸೇತುವೆಯೊಂದಿದೆ, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಖರ್ಚು ಅಂದಾಜನ್ನು ಮೀರಿ ಕಂಪನಿ ಸೋತುಹೋದದ್ದರಿಂದ 1906ರಲ್ಲಿ ಸರಕಾರ 1.71 ಕೋಟಿ ರೂಪಾಯಿಗೆ ಮಾರ್ಗವನ್ನು ಕೊಂಡುಕೊಂಡಿತು. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೋಗ್ ನಿಲ್ದಾಣದ ಪಕ್ಕದ 33ನೇ ಸುರಂಗ ಒಂದು ಕಿಲೋಮೀಟರಿಗೂ ಉದ್ದ. ಎರಡೂ ಕಡೆಯಿಂದ ಕೊರೆದದ್ದು ನಡುವೆ ಕೂಡದೆ ಬರೋಗ್ ಎಂಬ ಇಂಜಿನಿಯರು ಅವಮಾನದಿಂದ ಪ್ರಾಣ ಕಳೆದುಕೊಂಡನೆಂದೂ, ಭಲ್ಕು ಎಂಬ ಬೆಟ್ಟದ ಸಾಧು ಕೋಲಿನಿಂದ ಬಂಡೆ ತಟ್ಟಿ ಸರಿದಾರಿ ತೋರಿಸಿದನೆಂದೂ ಅಲ್ಲಿಯ ಜನ ಕಥೆ ಹೇಳುತ್ತಾರೆ. ಬಿ.ಎಸ್ಸಿ. ಓದಿದವನಾದ ನಾನು ಕೋಲಿನ ಮಾತನ್ನು ಅಷ್ಟಾಗಿ ನಂಬುವುದಿಲ್ಲ. ಆದರೆ ಆ ಬೆಟ್ಟವನ್ನು ದಿನವೂ ನಡೆದವನಿಗೆ ಬಂಡೆಯ ಪದರ ಇಂಜಿನಿಯರಿಗಿಂತ ಚೆನ್ನಾಗಿ ತಿಳಿದಿದ್ದರೆ ಅದರಲ್ಲಿ ಪವಾಡವೇನೂ ಇಲ್ಲ.

ನಡುವೆ ಧರಂಪುರದಲ್ಲಿಳಿದು ಬಸ್ಸಿನಲ್ಲಿ ಕಸೌಲಿಗೆ, ಒಂದು ರಾತ್ರಿ. ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ಭಾರತದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಇಲ್ಲಿ ಆರಂಭವಾಯಿತು. 1905ರಲ್ಲಿ ಕೇಂದ್ರ ಸಂಶೋಧನಾ ಸಂಸ್ಥೆ. ಅದರ ಮೊದಲ ನಿರ್ದೇಶಕ ಡೇವಿಡ್ ಸೆಂಪಲ್ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯೇ ನಮ್ಮ ಬಾಲ್ಯದ ಭೀತಿಯಾಗಿದ್ದ ಹೊಟ್ಟೆಯ ಸುತ್ತಿನ ಇಂಜೆಕ್ಷನ್ನುಗಳು. ಈ ಶತಮಾನದ ಮೊದಲ ವರ್ಷಗಳವರೆಗೂ ಅವು ಬಳಕೆಯಲ್ಲಿದ್ದವು. ಬೇರೇನೂ ಬೇಡ, ಊರು ಶಾಂತವಾಗಿದೆ, ನಡೆದಾಡಿ.

ಶಿಮ್ಲಾಕ್ಕೆ ಮೂರು ರಾತ್ರಿ. ಮೊದಲ ದಿನ ವೈಸರಾಯ್ ನಿವಾಸವನ್ನು ನೋಡಬೇಕು. 1888ರಲ್ಲಿ ಲಾರ್ಡ್ ಡಫರಿನ್ ಗೃಹಪ್ರವೇಶ ಮಾಡಿದ ಈ ಬೂದುಗಲ್ಲಿನ ಸೌಧದಲ್ಲಿ ಆಗಲೇ ವಿದ್ಯುದ್ದೀಪಗಳಿದ್ದವು. ಇದರ ಶಿಲ್ಪಿ ಹೆನ್ರಿ ಇರ್ವಿನ್. ಹೆಸರು ಎಲ್ಲೋ ಕೇಳಿದಂತಿದೆಯೇ? 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದಾಗ ಹೊಸದನ್ನು ಕಟ್ಟಲು ಮಹಾರಾಣಿಯವರು ನೇಮಿಸಿದ್ದು ಇದೇ ಇರ್ವಿನ್ನನನ್ನು. 1912ರಲ್ಲಿ ಅದು ಮುಗಿಯಿತು. ದಸರಾ ದೀಪಗಳಲ್ಲಿ ಮಿನುಗುವ ನಮ್ಮ ಅರಮನೆಯೂ ಮಂಜಿನಲ್ಲಿ ನಿಂತ ಈ ಇಂಗ್ಲಿಷ್ ಕೋಟೆಯೂ ಒಬ್ಬನೇ ಮನುಷ್ಯನ ಕೈಯಿಂದ ಬಂದವೆಂದರೆ ನಂಬುವುದು ಕಷ್ಟ. 1945ರ ಜೂನ್-ಜುಲೈನಲ್ಲಿ ಸಿಮ್ಲಾ ಸಮ್ಮೇಳನ ಸೇರಿ ಮುರಿದುಬಿದ್ದದ್ದು ಇಲ್ಲೇ. ಸ್ವಾತಂತ್ರ್ಯಾನಂತರ ರಾಷ್ಟ್ರಪತಿಗಳ ವಿಶ್ರಾಂತಿ ಭವನವಾಗಿದ್ದ ಇದನ್ನು, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಅವರು ವಿದ್ವಾಂಸರಿಗೆ ಬಿಟ್ಟುಕೊಟ್ಟರು. 1965ರಿಂದ ಇದು ಭಾರತೀಯ ಉನ್ನತ ಅಧ್ಯಯನ ಸಂಸ್ಥೆ.

ಎರಡನೆಯ ದಿನ, ಮನೆಯವರು ಮಾಲ್ ರಸ್ತೆಯ ಅಂಗಡಿಗಳಲ್ಲಿರುವಾಗ, ನಾನು ಕಚೇರಿಗಳನ್ನು ನೋಡುವವನಿದ್ದೇನೆ. ನಗಬೇಡಿ. ರೈಲ್ವೆ ಬೋರ್ಡ್ ಕಟ್ಟಡವನ್ನು 1896-97ರಲ್ಲಿ ಮುಂಬಯಿಯ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಂಪನಿಯವರು ಎರಕದ ಕಬ್ಬಿಣ ಮತ್ತು ಉಕ್ಕಿನಲ್ಲಿ ನಿಲ್ಲಿಸಿದರು. ಮರದ ಕಟ್ಟಡಗಳಲ್ಲಿ ಕಡತಗಳಿಗೆ ಬೆಂಕಿಯ ಭಯ. 2001ರಲ್ಲಿ ಬೆಂಕಿ ಬಿದ್ದಾಗಲೂ ಅದು ಉಳಿದುಕೊಂಡಿತು. 1904ರ ಗಾರ್ಟನ್ ಕ್ಯಾಸಲ್ ಸೆಕ್ರೆಟೇರಿಯಟ್ಟಿಗೆಂದು ಕಟ್ಟಿದ್ದು, ಅನಂತರ ಅಕೌಂಟೆಂಟ್ ಜನರಲ್ ಕಚೇರಿ. 2014ರ ಬೆಂಕಿಯಲ್ಲಿ ಅದರ ಮೇಲಂತಸ್ತುಗಳು ಹಾಳಾದವು. ಅಲ್ಲಿಂದ ಫಾಗ್ಲಿಯ ಕಡೆಗೆ ಇಳಿದು, ಮತ್ತೆ ಕಾಲ್ನಡಿಗೆಯಲ್ಲೇ ಹತ್ತಿ ಬರಬೇಕೆಂದಿದ್ದೇನೆ, ಆ ಹಿರಿಯರು ದಿನವೂ ಹತ್ತಿದ ಹಾಗೆ. ಸಂಜೆ ರಿಡ್ಜ್ ಮೇಲೆ ನಿಂತಾಗ ಕಾಲಕೆಳಗೆ ಹಳೆಯ ದೊಡ್ಡ ನೀರಿನ ತೊಟ್ಟಿಯಿದೆ ಎಂಬುದು ನೆನಪಿರಲಿ. 2018ರ ಬೇಸಗೆಯಲ್ಲಿ ಈ ಊರಿನಲ್ಲಿ ಕುಡಿಯುವ ನೀರಿಗೆ ಹಾಹಾಕಾರವೆದ್ದಿತ್ತು. ಬಕೆಟ್ಟು ಬಕೆಟ್ಟು ಸುರಿದುಕೊಳ್ಳುವ ಅಭ್ಯಾಸವನ್ನು ಒಂದು ವಾರ ಬಿಡಬೇಕು.

ಕೊನೆಗೆ ಎರಡು ರಾತ್ರಿ ಕೋಟ್‌ಗಢ, ಶಿಮ್ಲಾದಿಂದ ಸುಮಾರು 80 ಕಿಲೋಮೀಟರ್, ನಾರ್ಕಂಡದ ಮೇಲೆ ಹೋಗುವ ದಾರಿ. ಡಾಲ್‌ಹೌಸಿಯ ಕಾಲದಲ್ಲಿ ಆರಂಭವಾದ ಹಿಂದೂಸ್ತಾನ್-ಟಿಬೆಟ್ ರಸ್ತೆ ಇದೇ. ಬೇಟೆಗೆ ಹೊರಟ ಅಧಿಕಾರಿಗಳ ಸಾಮಾನೆಲ್ಲ ಈ ಹಳ್ಳಿಗಳವರ ಬೆನ್ನಿನ ಮೇಲೆ. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದ ಅಮೆರಿಕದ ಸಾಮ್ಯುಯೆಲ್ ಸ್ಟೋಕ್ಸ್ ಎಂಬ ಸಿರಿವಂತರ ಮನೆಯ ಹುಡುಗ ಇಲ್ಲೇ ನೆಲೆಸಿದ, ಇಲ್ಲಿಯ ಹೆಣ್ಣನ್ನೇ ಮದುವೆಯಾದ. ಬೇಗಾರನ್ನು ಕಣ್ಣಾರೆ ಕಂಡು ಸುಮ್ಮನಿರಲಾಗದೆ ಅರ್ಜಿ ಬರೆದ, ಹಳ್ಳಿಗರನ್ನು ಕೂಡಿಸಿದ, ಹೊರೆ ಹೊರುವುದಿಲ್ಲವೆಂದು ಅವರಿಂದ ಹೇಳಿಸಿದ. 1921ರಲ್ಲಿ ಸರಕಾರ ಮಣಿಯಬೇಕಾಯಿತು. ಅದೇ ವರ್ಷ ಅಸಹಕಾರ ಚಳವಳಿಯಲ್ಲಿ ಅವರು ಜೈಲಿಗೂ ಹೋದರು. 1932ರಲ್ಲಿ ಹಿಂದೂಧರ್ಮ ಸ್ವೀಕರಿಸಿ ಸತ್ಯಾನಂದರಾದರು. 1916ರಲ್ಲಿ ಅವರು ಅಮೆರಿಕದಿಂದ ತರಿಸಿ ನೆಟ್ಟ ಸೇಬಿನ ತಳಿಯಿಂದಲೇ ಈ ಬೆಟ್ಟಗಳ ಬಡತನ ಹಿಂಗಿತು. ಹೊರೆ ಹೊತ್ತವರ ಮೊಮ್ಮಕ್ಕಳು ಈಗ ತೋಟಗಳ ಯಜಮಾನರು. ಅವರ ತೋಟಗಳಲ್ಲಿ ಪೆಟ್ಟಿಗೆ ಹೊರಲು ನೇಪಾಳದಿಂದ ಜನ ಬರುತ್ತಾರೆ. ಮೇ ತಿಂಗಳಲ್ಲಿ ಸೇಬು ಸಿಕ್ಕದು, ಕಾಯಿ ಗೋಲಿಯಷ್ಟಿರುತ್ತದೆ. ಅದೃಷ್ಟವಿದ್ದರೆ ಚೆರಿ ಸಿಕ್ಕೀತು.

ಏಳನೆಯ ದಿನ ಬೆಳಿಗ್ಗೆಯೇ ಬಸ್ಸಿನಲ್ಲಿ ಇಳಿದು ಶಿಮ್ಲಾ, ಕಾಲ್ಕಾ, ರಾತ್ರಿಯ ಗಾಡಿ.

ಸಾಮಾನಿನ ವಿಷಯ ಉಳಿಯಿತು. ಶಿಮ್ಲಾದಲ್ಲಿ ಇಳಿದೊಡನೆ ಕೂಲಿಗಳು ಸುತ್ತುವರಿಯುತ್ತಾರೆ. ಅವರ ಜೀವನವೂ ನಡೆಯಬೇಕಾದ್ದರಿಂದ ಒಬ್ಬರನ್ನು ಗೊತ್ತುಮಾಡುವುದೆಂದೂ, ಚೌಕಾಸಿ ಮಾಡಬಾರದೆಂದೂ, ಒಬ್ಬ ಮನುಷ್ಯ ನಿಂತು ಉಸಿರಾಡಿಕೊಂಡು ಒಯ್ಯುವಷ್ಟನ್ನೇ ಕಟ್ಟಿಕೊಳ್ಳುವುದೆಂದೂ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಐದು ಜನಕ್ಕೆ ಎರಡು ಚೀಲ. ಸ್ಟೌವ್ ಪಟ್ಟಿಯಿಂದ ಹೋಯಿತು. ಚಟ್ನಿಪುಡಿ ಉಳಿಯಿತು. ಉಪ್ಪಿನಕಾಯಿ ಭರಣಿಯ ಬಗ್ಗೆ ಮಾತುಕತೆ ಇನ್ನೂ ನಡೆದಿದೆ.