ಗುಳೆ, ಕಾಯಕ ಮತ್ತು ಕೆರೆ: ಸುರಪುರ ಸೀಮೆಯ ಬಡತನವನ್ನು ಕುರಿತು

ಬಡತನಕ್ಕೆ ಬಡವನ ಆಲಸ್ಯವೇ ಕಾರಣವೆಂಬುದು ಒಂದು ವಾದ. ಸರ್ಕಾರ ನೆರವಾದರೆ ಅದು ತಾನಾಗಿಯೇ ನೀಗುತ್ತದೆಂಬುದು ಇನ್ನೊಂದು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಚರಿತ್ರೆಯನ್ನೂ ಜನಪದರ ಬದುಕನ್ನೂ ಒಟ್ಟಿಗಿಟ್ಟು ನೋಡಿದರೆ ಇವೆರಡೂ ಅರೆಸತ್ಯಗಳೆಂಬುದು ಸ್ಪಷ್ಟವಾಗುತ್ತದೆ.

ಸ್ವಾವಲಂಬನೆಯ ಮಾತು ಬಂದಾಗಲೆಲ್ಲ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆನ್ನಲಾದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆಯನ್ನು ಉದಾಹರಿಸಲಾಗುತ್ತದೆ. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳುತ್ತಾಳೆ. ಆದರೆ ಆಯ್ದುಕೊಳ್ಳಲು ಅಂಗಳದಲ್ಲಿ ಅಕ್ಕಿ ಇತ್ತೆಂಬುದನ್ನು ನಾವು ಮರೆಯುತ್ತೇವೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಇರಿಸಿದ್ದು ಅರ್ಥಪೂರ್ಣವಾಗಿದೆ.

ಇದೇ ತತ್ತ್ವಕ್ಕೆ ನೆಲದ ಮೇಲಿನ ಸಾಕ್ಷಿಯೆಂದರೆ ಬೋನಾಳ ಕೆರೆ. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯು 19ನೆಯ ಶತಮಾನದ ನಡುಭಾಗದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಮುತುವರ್ಜಿಯಿಂದ ಹೊಸ ರೂಪ ಪಡೆಯಿತು. ಹಣ, ಯೋಜನೆ ಪ್ರಭುತ್ವದ್ದು. ಮಣ್ಣು ಹೊತ್ತವರು ದುಡಿಯುವ ಜನ. ಒಂದಿಲ್ಲದೆ ಇನ್ನೊಂದರಿಂದ ಏರಿ ನಿಲ್ಲುತ್ತಿರಲಿಲ್ಲ.

1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯ ಇದೇ ಸೀಮೆಗೆ ಬಂದ ಇನ್ನೂ ದೊಡ್ಡ ನೆರವು. ಎಡದಂಡೆ ಕಾಲುವೆಯ ನೀರು ಹರಿದ ಕಡೆ ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾದವು. ಆದರೂ 2002ರ ನಂಜುಂಡಪ್ಪ ಸಮಿತಿಯ ವರದಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿಯೇ ಇರಿಸಿತು. ನೀರು ಹರಿದದ್ದು ಭೂಮಿಯುಳ್ಳವನ ಹೊಲಕ್ಕೆ. ಭೂಹೀನನ ಪಾಲಿಗೆ ಕೂಲಿ. ಕಾಲುವೆಯ ಕೊನೆಯ ಭಾಗದ ರೈತನ ಪಾಲಿಗೆ ಕಾಯುವಿಕೆ. ಖುಷ್ಕಿ ಹೊಲದವನ ಪಾಲಿಗೆ ಗುಳೆ.

ಗುಳೆ ಹೋಗುವವರನ್ನು ಸೋಮಾರಿಗಳೆನ್ನುವುದು ಹೇಗೆ? ಸುಗ್ಗಿ ಮುಗಿದೊಡನೆ ಹಿಟ್ಟು, ಪಾತ್ರೆ, ಮಕ್ಕಳೊಂದಿಗೆ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೊರಡುವ ಕುಟುಂಬ ತನ್ನ ಹೊಣೆಯನ್ನು ಪೂರ್ತಿಯಾಗಿ ಹೊತ್ತಿರುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ: ಕೈ ಕೆಸರಾಗಿದೆ, ಮೊಸರು ಬೇರೆಯವರ ಗಡಿಗೆಯಲ್ಲಿದೆ. ಇದರ ಬೆಲೆ ತೆರುವವರು ಮಕ್ಕಳು. ನಡುವರ್ಷದಲ್ಲಿ ಶಾಲೆ ಬಿಟ್ಟ ಮಗು ಮತ್ತೆ ಕೂಲಿಯ ಸಾಲಿಗೇ ಸೇರುತ್ತದೆ.

2006ರಲ್ಲಿ ಉದ್ಯೋಗ ಖಾತ್ರಿ ಯೋಜನೆ ಮೊದಲ ಹಂತದಲ್ಲೇ ಅಂದಿನ ಗುಲ್ಬರ್ಗಾ ಜಿಲ್ಲೆಗೆ ಬಂದಾಗ ಅದರ ಹೊಸತನವಿದ್ದುದು ಇಲ್ಲಿಯೇ. ಕೆಲಸ ಕೇಳುವ ಹೊಣೆ ಜನರದು, ವರ್ಷಕ್ಕೆ 100 ದಿನಗಳವರೆಗೆ ಅದನ್ನು ಕೊಡುವ ಹೊಣೆ ಸರ್ಕಾರದ್ದು ಎಂದು ಕಾನೂನೇ ಹೇಳಿತ್ತು. ನೆರವು ದಯೆಯಾಗಿರದೆ ಹಕ್ಕಾಗಿತ್ತು. ಯಾದಗಿರಿ 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ ಅನಂತರ ದೊರೆಯಿತು. ಇವುಗಳ ಸಾರ್ಥಕತೆಯನ್ನು ಅಳೆಯಬೇಕಾದುದು ಬಿಡುಗಡೆಯಾದ ಅನುದಾನದಿಂದಲ್ಲ. ಸುಗ್ಗಿಯ ನಂತರವೂ ಊರಲ್ಲೇ ಉಳಿದು ಶಾಲೆಗೆ ಹೋಗುವ ಮಕ್ಕಳಿಂದ.

ಈ ಸೀಮೆಯಲ್ಲಿ ದುಡಿಮೆಗೆ ಎಂದೂ ಬರಗಾಲ ಬಂದಿಲ್ಲ. ಬರ ಇದ್ದದ್ದು ದುಡಿಮೆಯ ಫಲ ದುಡಿದವನ ಮನೆಯಲ್ಲಿ ನಿಲ್ಲುವ ವ್ಯವಸ್ಥೆಗೆ.