ಮಳೆ–ಗಾಳಿಯಲ್ಲಿ ಬೆಟ್ಟವೇರುವ ಓಟ

ಬೆಟ್ಟದ ಬುಡದಿಂದ ಹೊರಟು ನೆತ್ತಿಯಲ್ಲಿ ಅಥವಾ ನೆತ್ತಿಗೆ ಹತ್ತಿರದ ಎತ್ತರದಲ್ಲಿ ಮುಗಿಯುವ ಸ್ಪರ್ಧೆಯೇ ಬೆಟ್ಟವೇರುವ ಓಟ. ಮಳೆ, ಬಿರುಗಾಳಿ, ಮಂಜು, ಸಿಡಿಲಿನ ನಡುವೆ ಅದನ್ನು ಓಡಲು ಕಾಲಿನ ಬಲದ ಜೊತೆಗೆ ಬೇರೆಯೇ ತಿಳಿವಳಿಕೆ ಬೇಕು. ಬಯಲಿನ ಮ್ಯಾರಥಾನ್‌ನಲ್ಲಿ ಓಟಗಾರರನ್ನು ಕಾಡುವುದು ಹೆಚ್ಚಾಗಿ ಬಿಸಿಲು, ಸೆಕೆ. ಹೊರಟ ಕಡೆಯ ಹವೆಯೇ ಬಹುಮಟ್ಟಿಗೆ ಗುರಿಯ ಹತ್ತಿರವೂ ಇರುತ್ತದೆ. ಬೆಟ್ಟದಲ್ಲಾದರೆ ಒಂದೆರಡು ಗಂಟೆಯೊಳಗೆ ಓಟಗಾರ ಒಂದು ಹವೆಯಿಂದ ಇನ್ನೊಂದಕ್ಕೆ ದಾಟಿಬಿಡುತ್ತಾನೆ. ಬುಡದ ಹವೆ ನೋಡಿ ತುದಿಯ ಹವೆಯನ್ನು ಅಳೆಯುವುದು ಈ ಕ್ರೀಡೆಯಲ್ಲಿ ಪ್ರಾಣಕ್ಕೇ ಎರವಾಗುವ ತಪ್ಪು.

ಒಂದೇ ಬೆಟ್ಟಕ್ಕೆ ಎರಡು ಹವೆ ಎಂಬುದನ್ನು ಕಣ್ಣಾರೆ ಕಾಣಲು ತಮಿಳುನಾಡಿನ ಉಡುಮಲೈಪೇಟೆಗೆ ಹೋಗಬೇಕು. ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 2009ರಿಂದ ತಿರುಪ್ಪೂರು ಜಿಲ್ಲೆಯಲ್ಲಿರುವ ಈ ಪೇಟೆ ಸಮುದ್ರಮಟ್ಟದಿಂದ ಸುಮಾರು 370 ಮೀಟರ್ ಎತ್ತರದಲ್ಲಿ, ಆನೈಮಲೈ ಸಾಲಿನ ಉತ್ತರದ ಬುಡದಲ್ಲಿದೆ. ಪಶ್ಚಿಮಕ್ಕೆ ಘಟ್ಟದ ಗೋಡೆ ಕಡಿದುಹೋದ ಪಾಲಕ್ಕಾಡು ಕಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರಿನ ಗಾಳಿ ಆ ಕಂಡಿಯಲ್ಲಿ ಹಿಂಡಿದಂತಾಗಿ ರಭಸದಿಂದ ಬಯಲಿಗೆ ನುಗ್ಗುತ್ತದೆ. ಉಡುಮಲೈ ಸುತ್ತಲಿನ ಹೊಲಗಳಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿರುವುದು ಇದೇ ಕಾರಣಕ್ಕೆ. ಗಾಳಿ ಬರುತ್ತದೆ, ಮಳೆ ಅಷ್ಟಾಗಿ ಬರುವುದಿಲ್ಲ. ಪೇಟೆ ಇರುವುದು ಮಳೆನೆರಳಿನಲ್ಲಿ. ಇಲ್ಲಿಗೆ ದೊಡ್ಡ ಮಳೆ ಬರುವುದು ಅಕ್ಟೋಬರ್–ನವೆಂಬರ್‌ನ ಹಿಂಗಾರಿನಲ್ಲಿ.

ಅದೇ ಮುಂಗಾರಿನಲ್ಲಿ ಬೆಟ್ಟದ ಮೇಲಿನ ವಾಲ್ಪಾರೈ ತಿಂಗಳುಗಟ್ಟಲೆ ಜಡಿಮಳೆಯಲ್ಲಿ ನೆನೆಯುತ್ತದೆ. ಅದರ ಸಮೀಪದ ಚಿನ್ನಕಲ್ಲಾರು ದಕ್ಷಿಣ ಭಾರತದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಆಳಿಯಾರು ಅಣೆಕಟ್ಟಿನಿಂದ ವಾಲ್ಪಾರೈಗೆ ಏರುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ; ಕೆಳಗಿನ ತಿರುವುಗಳಲ್ಲಿ ಒಣಗಾಳಿ, ಮೇಲಿನ ತಿರುವುಗಳಲ್ಲಿ ಮುಂದಿನ ಕಲ್ಲುಕಂಬವೂ ಕಾಣದ ಮಂಜು. ಉಡುಮಲೈಯಿಂದ ದಕ್ಷಿಣಕ್ಕೆ ಒಂಬತ್ತಾರು ಚೆಕ್‌ಪೋಸ್ಟ್, ಚಿನ್ನಾರ್, ಮರೈಯೂರು ದಾಟಿ ಮುನ್ನಾರಿಗೆ ಹೋಗುವ ರಸ್ತೆಯದೂ ಇದೇ ಕಥೆ. ಚಿನ್ನಾರಿನಲ್ಲಿ ಮುಳ್ಳುಕಂಟಿಯ ಒಣಕಾಡು, ಮರೈಯೂರಿನಲ್ಲಿ ಶ್ರೀಗಂಧ, ಮುನ್ನಾರಿನಲ್ಲಿ ಚಹಾತೋಟ. ಅದರ ಸಮೀಪದಲ್ಲೇ 2,695 ಮೀಟರ್‌ನ ಆನೈಮುಡಿ. ನೂರು ಕಿಲೋಮೀಟರ್‌ಗೂ ಕಡಿಮೆ ದಾರಿಯಲ್ಲಿ ಇಷ್ಟೆಲ್ಲ.

ಸ್ಥಳೀಯರಿಗೆ ಇದು ಹೊಸತಲ್ಲ. ಪೇಟೆಯಿಂದ ಸುಮಾರು 20 ಕಿಲೋಮೀಟರ್ ದೂರದ ತಿರುಮೂರ್ತಿ ಬೆಟ್ಟದ ಬುಡದಲ್ಲಿ ಅಮಣಲಿಂಗೇಶ್ವರ ಗುಡಿ, ಅದರ ಮೇಲೆ ಪಂಚಲಿಂಗ ಜಲಪಾತ ಇವೆ. ಗುಡಿಯ ಅಂಗಳದಲ್ಲಿ ಬಿಸಿಲಿದ್ದಾಗಲೇ ಮೇಲೆ ಸುರಿದ ಮಳೆಯಿಂದ ಹಳ್ಳ ಕೆಂಪಾಗಿ ಏರಿಬಂದು ಗುಡಿಯನ್ನು ಸುತ್ತುವರಿಯುವುದುಂಟು. ಆಗ ಜಲಪಾತದ ದಾರಿಯನ್ನು ಮುಚ್ಚುತ್ತಾರೆ. ಓಟದ ಏರ್ಪಾಡು ಮಾಡುವವರು ಕಲಿಯಬೇಕಾದ ಮೊದಲ ಪಾಠ ಈ ಹಳ್ಳದ ದಡದಲ್ಲೇ ಇದೆ.

ಮೈಕಾವಿನ ಲೆಕ್ಕ. ಎತ್ತರ 1,000 ಮೀಟರ್ ಹೆಚ್ಚಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಪ್ರಕಾರ ಉಡುಮಲೈಯಿಂದ ಮುನ್ನಾರಿನ 1,500 ಮೀಟರ್ ಮಟ್ಟಕ್ಕೆ ಹೋಗುವಷ್ಟರಲ್ಲಿ ಏಳು ಡಿಗ್ರಿಗೂ ಮಿಕ್ಕಿದ ಇಳಿಕೆ. ಇದಿಷ್ಟೇ ಆಗಿದ್ದರೆ ಓಟಗಾರರಿಗೆ ಹಿತವೇ. ಅಪಾಯ ಬರುವುದು ಒದ್ದೆ ಮತ್ತು ಗಾಳಿ ಜೊತೆಗೂಡಿದಾಗ. ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ನೆನೆದು ಮೈಗಂಟಿದ ಹತ್ತಿಯ ಬನಿಯನ್‌ಗೆ ಗಾಳಿ ಬಡಿದರೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಬಗೆಯಲ್ಲೇ ಮೈಯೂ ತಣ್ಣಗಾಗುತ್ತದೆ. 5 ಡಿಗ್ರಿಯ ಹವೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಸೊನ್ನೆಗಿಂತ ಕೆಳಗಿನ ಚಳಿಯಂತೆ ತಾಗುತ್ತದೆ. ಆ ಲೆಕ್ಕ ಒಣ ಚರ್ಮದ್ದು, ಒದ್ದೆ ಮೈಯ ಪಾಡು ಅದಕ್ಕಿಂತ ಕಷ್ಟ.

ಇದಕ್ಕೆ ಎದುರಾಗಿ ಓಟಗಾರನ ಮೈಯೊಳಗೇ ಒಂದು ಒಲೆ ಇದೆ. 60 ಕಿಲೋ ತೂಕದವನೊಬ್ಬ ಗಂಟೆಗೆ 1,000 ಮೀಟರ್ ಮೇಲೇರಿದರೆ, ತೂಕವನ್ನು ಎತ್ತುವುದಕ್ಕೇ ಸುಮಾರು 160 ವಾಟ್ ಬೇಕು. ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆ, ಉಳಿದದ್ದು ಶಾಖ. ಅಂದರೆ ಏರುವಾಗ ಅವನ ಮೈ ಹೊರಸೂಸುವ ಶಾಖ 500 ವಾಟ್‌ಗೆ ಹತ್ತಿರ. ಸುಮ್ಮನೆ ನಿಂತರೆ ಅದು ನೂರು ವಾಟ್‌ನ ಆಸುಪಾಸಿಗೆ ಬೀಳುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಬೆಟ್ಟದ ಓಟದ ಅಪಾಯವೆಲ್ಲ ಅಡಗಿದೆ. ವೇಗವಾಗಿ ಏರುವವರೆಗೆ ಅರೆಬಟ್ಟೆಯಲ್ಲೂ ಬೆವರು. ಸುಸ್ತಾಗಿ ಹೆಜ್ಜೆ ನಿಧಾನವಾದ ಕೂಡಲೇ, ಕಾಲು ಉಳುಕಿ ಕುಳಿತ ಕೂಡಲೇ, ಅದೇ ಬಟ್ಟೆ ಸಾಲದು. ಇಳಿಜಾರೂ ಇರುವ ಓಟ ಕೊನೆಗೆ ಬೆಚ್ಚನೆಯ ಕಣಿವೆಗೆ ಮರಳುತ್ತದೆ. ಏರಿನಲ್ಲೇ ಮುಗಿಯುವ ಓಟ ಮೈಯ ಒಲೆ ಆರುವ ಹೊತ್ತಿಗೆ ಸರಿಯಾಗಿ ಇಡೀ ದಾರಿಯ ಅತ್ಯಂತ ಚಳಿಯ ಜಾಗದಲ್ಲಿ ನಿಲ್ಲಿಸುತ್ತದೆ. ಹಾಗಾಗಿ ಓಟಗಾರರ ಒಣಬಟ್ಟೆಯ ಚೀಲಗಳು ಅವರಿಗಿಂತ ಮೊದಲೇ ತುದಿ ಸೇರಿರಬೇಕು.

ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೊಥರ್ಮಿಯ. ಮೊದಲು ನಡುಕ. ಆಮೇಲೆ ಬೆರಳುಗಳು ಮಾತು ಕೇಳುವುದಿಲ್ಲ: ಜಾಕೆಟ್ಟಿನ ಜಿಪ್ ಹಿಡಿತಕ್ಕೆ ಸಿಗದು, ಬಿಚ್ಚಿದ ಲೇಸು ಕಟ್ಟಲಾಗದು, ಬೆನ್ನಚೀಲದಲ್ಲೇ ಇರುವ ಕಡಲೆಚಿಕ್ಕಿಯ ಪೊಟ್ಟಣ ಹರಿಯಲಾಗದು. ನಾಲಿಗೆ ತೊದಲುತ್ತದೆ, ಹೆಜ್ಜೆ ತಡವರಿಸುತ್ತದೆ, ವಿವೇಚನೆ ಮಂಕಾಗುತ್ತದೆ. ನಡುಕ ತಾನಾಗಿ ನಿಂತು ಆಸಾಮಿ ಶಾಂತನಾದರೆ ಅದು ಚೇತರಿಕೆಯ ಗುರುತಲ್ಲ, ಸ್ಥಿತಿ ಬಿಗಡಾಯಿಸಿದ ಗುರುತು. ಜಾಕೆಟ್ಟನ್ನು ಬೆರಳು ಆಡುವಾಗಲೇ ಹಾಕಿಕೊಳ್ಳಬೇಕು, ಚಳಿ ಹತ್ತಿದ ಮೇಲಲ್ಲ. ಚಳಿಗೆ ಹೀಗೆ ಕುಸಿದವರನ್ನು ಗಾಳಿಯ ಮರೆಗೆ ತಂದು, ಒದ್ದೆಬಟ್ಟೆ ತೆಗೆದು ಒಣಕಂಬಳಿ ಸುತ್ತಿ ಮಲಗಿಸಬೇಕು. ಎಚ್ಚರವಿದ್ದು ನುಂಗಬಲ್ಲರಾದರೆ ಬಿಸಿ, ಸಿಹಿ ಪಾನೀಯ ಕುಡಿಸಬೇಕು. ಕೈಕಾಲು ತಿಕ್ಕುವುದು, ಮದ್ಯ ಕುಡಿಸುವುದು ಎರಡೂ ಅಪಾಯ.

ಎರಡು ದುರಂತಗಳು. 2008ರ ಜುಲೈ 13ರಂದು ಆಸ್ಟ್ರಿಯದ ಎರ್ವಾಲ್ಡ್‌ನಿಂದ ಜರ್ಮನಿಯ ಅತ್ಯುನ್ನತ ಶಿಖರ ಸುಗ್‌ಸ್ಪಿಟ್ಸೆಗೆ ಏರುವ ಓಟ ನಡೆದಿತ್ತು. ನಡುಬೇಸಿಗೆ, ಅನೇಕರು ಚಡ್ಡಿ, ತೆಳು ಅಂಗಿಯಲ್ಲೇ ಹೊರಟಿದ್ದರು. ಮೇಲೆ ಮಳೆ ಹಿಮವಾಗಿ ತಿರುಗಿತು. ಇಬ್ಬರು ಓಟಗಾರರು ತುದಿ ಮುಟ್ಟುವ ಮೊದಲೇ ಕುಸಿದು ಸತ್ತರು. ಏರ್ಪಾಡು ಮಾಡಿದವರ ಮೇಲೆ ನಡೆದ ಮೊಕದ್ದಮೆ ಖುಲಾಸೆಯಲ್ಲಿ ಮುಗಿಯಿತು.

ಅದಕ್ಕಿಂತ ಎಷ್ಟೋ ದೊಡ್ಡದು 2021ರ ಮೇ 22ರಂದು ಚೀನದ ಗನ್ಸು ಪ್ರಾಂತ್ಯದಲ್ಲಿ, ಹಳದಿ ನದಿಯ ಕಲ್ಲುಕಾಡಿನ 100 ಕಿಲೋಮೀಟರ್ ಓಟದಲ್ಲಿ ನಡೆದದ್ದು. ಹೊರಟವರು 172 ಮಂದಿ, ಸತ್ತವರು 21. ದೇಶದ ಹೆಸರಾಂತ ದೂರದ ಓಟಗಾರ ಲಿಯಾಂಗ್ ಜಿಂಗ್ ಕೂಡ ಅವರಲ್ಲೊಬ್ಬ. ಹೆಚ್ಚಿನ ಸಾವುಗಳಾದದ್ದು ಎರಡನೆಯ ಮತ್ತು ಮೂರನೆಯ ತಂಗುದಾಣಗಳ ನಡುವೆ, ಸುಮಾರು 1,000 ಮೀಟರ್ ಮೇಲೇರುವ, ವಾಹನ ಹೋಗಲಾಗದ ತುಣುಕಿನಲ್ಲಿ. ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಒಟ್ಟಿಗೇ ಬಂದವು. ಗಾಳಿ ತಡೆಯುವ ಜಾಕೆಟ್ ಕಡ್ಡಾಯವಾಗಿರಲಿಲ್ಲ. ಮಳೆಗೆ ಗುಹೆಯಲ್ಲಿ ಕುಳಿತಿದ್ದ ಝು ಕೆಮಿಂಗ್ ಎಂಬ ಕುರಿಗಾಹಿ ಆರು ಮಂದಿಯನ್ನು ಒಳಗೆ ಕರೆತಂದು, ಬೆಂಕಿ ಹಾಕಿ ಬದುಕಿಸಿದ. ಗುಹೆ, ಬೆಂಕಿ, ಕಂಬಳಿ: ಕುರಿಗಾಹಿಯ ಬಳಿ ಇದ್ದ ಇಷ್ಟನ್ನು ಓಟದ ಏರ್ಪಾಡು ಮಾಡಿದವರು ಏರಿನ ನಡುವೆ ಒಂದೆಡೆಯಾದರೂ ಇಟ್ಟಿರಬೇಕಿತ್ತು. ಈ ಘಟನೆಯ ನಂತರ ಚೀನ ಸರ್ಕಾರ ಇಂಥ ಸ್ಪರ್ಧೆಗಳನ್ನು ತಡೆಹಿಡಿಯಿತು.

ಸ್ಕಾಟ್ಲೆಂಡಿನಲ್ಲಿ ಪಾಠ ಹಳೆಯದು. 1,345 ಮೀಟರ್‌ನ ಬೆನ್ ನೆವಿಸ್ ಬೆಟ್ಟವನ್ನು ವಿಲಿಯಂ ಸ್ವಾನ್ ಎಂಬಾತ 1895ರಲ್ಲಿ ಓಡಿ ಏರಿಳಿದ ಮೇಲೆ ಅಲ್ಲಿ ಸ್ಪರ್ಧೆ ಬೆಳೆಯಿತು. ಬ್ರಿಟನ್ನಿನ ಬೆಟ್ಟದ ಓಟಗಳಲ್ಲಿ ಮಳೆ ತಡೆಯುವ ಮೇಲುಡುಪು, ನಕ್ಷೆ, ದಿಕ್ಸೂಚಿ, ಸೀಟಿ, ತಿನಿಸು ಹೊತ್ತೊಯ್ಯುವುದು ರೂಢಿಯ ನಿಯಮ. ಅಂತರರಾಷ್ಟ್ರೀಯ ಮಟ್ಟದಲ್ಲಿ ವಿಶ್ವ ಬೆಟ್ಟ ಓಟದ ಟ್ರೋಫಿ 1985ರಲ್ಲಿ ಇಟಲಿಯಲ್ಲಿ ಮೊದಲಾಯಿತು. ಒಂದು ವರ್ಷ ಬರೀ ಏರು, ಮರುವರ್ಷ ಏರಿಳಿತ ಎಂಬ ಪದ್ಧತಿ ಅದರಲ್ಲಿ ಬಹುಕಾಲ ನಡೆಯಿತು.

ಹೆಜ್ಜೆಯ ರೀತಿ. ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ಬಿರುಸಾಗಿ ನಡೆಯುವುದು ಶಕ್ತಿಯ ದೃಷ್ಟಿಯಿಂದ ಲಾಭ. ಅಂಗೈಯನ್ನು ತೊಡೆಗೊತ್ತಿ, ಸೊಂಟದಿಂದ ಸ್ವಲ್ಪ ಮುಂದೆ ಬಾಗಿ ನಡೆಯುವ ಭಂಗಿ ಅನುಭವಿಗಳದು. ಮಳೆಯಲ್ಲಿ ಹೆಜ್ಜೆ ಚಿಕ್ಕದಾಗಿರಬೇಕು, ಪಾದ ಪೂರ್ತಿ ನೆಲಕ್ಕೂರಬೇಕು. ಘಟ್ಟದ ಡಾಂಬರು ರಸ್ತೆಯಲ್ಲಿ ತಿರುವಿನ ಒಳಮಗ್ಗುಲು ಹತ್ತಿರದ ದಾರಿಯೇನೋ ಹೌದು. ಆದರೆ ಒಸರುವ ತಡೆಗೋಡೆಯ ಕೆಳಗೆ ಪಾಚಿ ಕಟ್ಟುವುದೂ, ಮೇಲಿಂದ ಜಾರಿದ ಮಣ್ಣು ನಿಲ್ಲುವುದೂ ಅಲ್ಲೇ. ರಸ್ತೆಯ ಬಿಳಿಪಟ್ಟೆ ಒದ್ದೆಯಾದಾಗ ಡಾಂಬರಿಗಿಂತ ಹೆಚ್ಚು ಜಾರುತ್ತದೆ. ಕೊಯಮತ್ತೂರು ಪಕ್ಕದ ವೆಳ್ಳಿಯಂಗಿರಿಯ ಏಳು ಬೆಟ್ಟ ಹತ್ತುವ ಭಕ್ತರು ಬುಡದಲ್ಲಿ ಬಿದಿರುಕೋಲು ಕೊಂಡೇ ಹೊರಡುತ್ತಾರೆ. ದೂರದ ಬೆಟ್ಟ ಓಟಗಳಲ್ಲಿ ಕಾಣುವ ಅಲ್ಯುಮಿನಿಯಂ ಕೋಲುಗಳ ಕೆಲಸವೂ ಅದೇ. 

ಸಿಡಿಲಿಗೆ ಕೋಲೂ ಇಲ್ಲ, ಜಾಕೆಟ್ಟೂ ಇಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಓಟ ನಿಲ್ಲಿಸಿ ದಿಣ್ಣೆಯಿಂದ ಕೆಳಗಿಳಿಯಬೇಕು, ಒಂಟಿಮರದ ಆಶ್ರಯ ಬಿಡಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಬೇಕು. ನಮ್ಮ ಘಟ್ಟಗಳಲ್ಲಿ ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೆಳಗಿನ ಜಾವ ಹೊರಟು ನಡುಹಗಲಿಗೆ ಮುಗಿಸುವ ವೇಳಾಪಟ್ಟಿಯಷ್ಟು ಅಗ್ಗದ ರಕ್ಷಣೆ ಬೇರೊಂದಿಲ್ಲ.

ಭಾರತದಲ್ಲಿ ಮಳೆಗಾಲದ ಬೆಟ್ಟದ ಓಟಕ್ಕೆ ಹೆಸರಾದದ್ದು ಮಹಾರಾಷ್ಟ್ರದ ಸಾತಾರಾ. 2012ರಲ್ಲಿ ಆರಂಭವಾದ ಅಲ್ಲಿನ ಬೆಟ್ಟದ ಹಾಫ್ ಮ್ಯಾರಥಾನ್ ಯವತೇಶ್ವರ ಘಾಟಿಯನ್ನು ಹತ್ತುತ್ತದೆ. ಸುತ್ತ ಹಸಿರು, ತಲೆಯ ಮೇಲೆ ಸೋನೆ. ಎತ್ತರ ಮಿತವಾಗಿರುವುದರಿಂದ ಅಲ್ಲಿ ಮಳೆ ಶತ್ರುವಿಗಿಂತ ಹೆಚ್ಚಾಗಿ ಮಿತ್ರ. ಕರ್ನಾಟಕದಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಹಿಂಗಾರಿನ ಮಳೆ ಬಿದ್ದ ಮೇಲೆ ತೋಟದ ಕೆಂಪುಮಣ್ಣು ಶೂಗೆ ಮೆತ್ತಿ ಪಾದದ ತೂಕ ಹೆಚ್ಚಿಸುತ್ತದೆ. ಇಂಬಳ ಕಾಲ್ಚೀಲದೊಳಗೆ ಸೇರುತ್ತದೆ. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳೇ ತಾಲೀಮಿನ ಗರಡಿ. ಕುಕ್ಕೆಯಿಂದ 1,712 ಮೀಟರ್‌ನ ಕುಮಾರಪರ್ವತಕ್ಕೆ ಏರುವ ದಾರಿ ರಾಜ್ಯದ ಕಠಿಣ ಏರುಗಳಲ್ಲೊಂದು. ಮಳೆಗಾಲದಲ್ಲಿ ಅದು ಮುಚ್ಚಿರುತ್ತದೆ, ಮುಚ್ಚಿರುವುದೇ ಸರಿ.

ಏರ್ಪಾಡು ಮಾಡುವವರ ಹೊಣೆ ಇಲ್ಲಿ ಓಟಗಾರರದಕ್ಕಿಂತ ಹೆಚ್ಚಿನದು. ತುದಿಯಲ್ಲಿ ಒಬ್ಬರು ಗಾಳಿಮಾಪಕ ಹಿಡಿದು ನಿಂತು ಹೊರಡುವ ಹೊತ್ತಿನ ಹವೆಯನ್ನು ಕೆಳಗೆ ತಿಳಿಸಬೇಕು. ಏರಿನ ನಡುವೆ ಮರೆಯ ಜಾಗ ಇರಬೇಕು. ದಾರಿಯನ್ನು ಮೊಟಕುಗೊಳಿಸುವ ಅಧಿಕಾರ ಯಾರಿಗಿದೆ ಎಂಬುದು ಮೊದಲೇ ನಿಗದಿಯಾಗಿರಬೇಕು. ಅರ್ಧದಲ್ಲೇ ಇಳಿದುಬಂದವರಿಗೂ ಮುಂದಿನ ವರ್ಷದ ಪ್ರವೇಶ ಖಾತ್ರಿ ಎಂದು ಮೊದಲೇ ಸಾರಿದರೆ, ಕಟ್ಟಿದ ಶುಲ್ಕ, ತಿಂಗಳುಗಳ ತಾಲೀಮು ದಂಡವಾಯಿತೆಂಬ ಹಟದಲ್ಲಿ ಮುಂದುವರಿಯುವವರ ಸಂಖ್ಯೆ ತಗ್ಗೀತು.

ಉಡುಮಲೈ ಮೇಲಿನ ಕಾಡು 2007ರಲ್ಲಿ ಘೋಷಿತವಾದ ಆನೈಮಲೈ ಹುಲಿ ಮೀಸಲಿಗೆ ಸೇರಿದ್ದು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲುದಾರಿಗಳಲ್ಲಿ ಓಡುವಂತಿಲ್ಲ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತ ಮೇಲೆ ತಮಿಳುನಾಡಿನಲ್ಲಿ ಚಾರಣದ ನಿಯಮಗಳು ಬಿಗಿಯಾದವು. 2024ರಲ್ಲಿ ‘ಟ್ರೆಕ್ ತಮಿಳುನಾಡು’ ಯೋಜನೆಯಡಿ 40 ದಾರಿಗಳನ್ನು ಗೊತ್ತುಮಾಡಿ ತೆರೆಯಲಾಯಿತು. ಮುನ್ನಾರ್ ರಸ್ತೆಯಲ್ಲಿ ಒಂಬತ್ತಾರು ಚೆಕ್‌ಪೋಸ್ಟಿನಿಂದಾಚೆ ಕಾಡಾನೆಗಳು ಡಾಂಬರಿಗೇ ಬಂದು ನಿಲ್ಲುತ್ತವೆ. ಮಂಜು ಕವಿದಾಗ ಅವು ಹತ್ತಾರು ಹೆಜ್ಜೆ ಹತ್ತಿರವಾಗುವವರೆಗೂ ಕಾಣುವುದಿಲ್ಲ; ಎದುರುಗಾಳಿ, ಮಳೆಯ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ಆ ತುಣುಕಿನಲ್ಲಿ ಕೆಟ್ಟ ಹವೆಯ ದಿನ ಓಟವನ್ನು ರದ್ದು ಮಾಡಲು ಈ ಕಾರಣವೊಂದೇ ಸಾಕು.