ಮಾವನ ಜೀಪಿನ ಹಿಂದಿನ ಅಚ್ಚು

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ, ಲಕ್ಕವಳ್ಳಿಯ ನನ್ನ ಸೋದರಮಾವನ ಜೀಪಿನ ಎಡಗಡೆಯ ಹಿಂದಿನ ಚಕ್ರ ಡ್ರಮ್ ಸಮೇತ ಕಳಚಿಕೊಂಡು, ಗಾಡಿಯನ್ನೇ ಹಿಂದೆ ಹಾಕಿ ಓಡಿ, ಲಂಟಾನದ ಪೊದೆಯಲ್ಲಿ ಬಿತ್ತು. ಜೀಪಿನಲ್ಲಿ ಮಾವ, ಅತ್ತೆ ಮತ್ತು ಎರಡು ಮೂಟೆ ಗೊಬ್ಬರ ಇದ್ದವು. ವೇಗ ಇರಲಿಲ್ಲವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಸ್ವಲ್ಪ ಮುಂದೆಯೇ ಇಳಿಜಾರು. ಅತ್ತೆ ಇವತ್ತಿಗೂ ಚಕ್ರದ ಮಾತೆತ್ತುವುದಿಲ್ಲ, ಆ ಇಳಿಜಾರಿನ ಮಾತನ್ನೇ ಆಡುತ್ತಾರೆ.

ನಾನು ಪಕ್ಕದ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಾಸ್ಟೆಲ್ಲಿನ ಊಟ ಬೇಸರವಾದಾಗಲೆಲ್ಲ ಮಾವನ ಮನೆಗೆ ಹೋಗುತ್ತೇನೆ. ಆ ಜೀಪನ್ನು ನಮ್ಮ ತಾತ ಸರ್ಕಾರಿ ಹರಾಜಿನಲ್ಲಿ ಹಿಡಿದದ್ದು. 1960ರ ದಶಕದ ಸಿಜೆ-3ಬಿ, ಎತ್ತರದ ಬಾನೆಟ್ಟಿನದು. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಈ ಮಾದರಿ ಅಲ್ಲಿ 1968ಕ್ಕೆ ನಿಂತುಹೋಯಿತು. ಆಮೇಲೂ ಬಹಳ ಕಾಲ ಮಹೀಂದ್ರ ಕಂಪನಿ ಅದನ್ನು ಇಲ್ಲಿ ತಯಾರಿಸುತ್ತಲೇ ಇತ್ತು. ಅದನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬೇಕೆಂದು ನಾನು ಎರಡು ವರ್ಷದಿಂದ ಮಾವನ ತಲೆ ತಿನ್ನುತ್ತಿದ್ದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಆ ಮಾನ್ಯತೆ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆಕ್ಸೆಲ್ ಶಾಫ್ಟ್ ಆ ಪಟ್ಟಿಯಲ್ಲಿಲ್ಲ; ನನ್ನ ಮನಸ್ಸಿನ ಪಟ್ಟಿಯಲ್ಲಿತ್ತು. ಒಂದು ನಟ್ಟನ್ನೂ ಬದಲಿಸಬಾರದು ಎಂಬುದು ನನ್ನ ವಾದ.

ಕಳಚಿದ್ದು ಹೇಗೆ ಎಂದು ತಿಳಿಯಲು ಒಳಗೆ ಏನಿದೆ ಎಂದು ನೋಡಬೇಕು. ಹೊರಗೆ ಕಾಣುವ ಕಬ್ಬಿಣದ ಕೊಳವೆಗೆ ಹೌಸಿಂಗ್ ಎನ್ನುತ್ತಾರೆ. ಅದರೊಳಗೆ ಎಡಕ್ಕೊಂದು, ಬಲಕ್ಕೊಂದು ಶಾಫ್ಟ್. ಒಳತುದಿ ಡಿಫರೆನ್ಷಿಯಲ್ಲಿನ ಹಲ್ಲುಚಕ್ರಕ್ಕೆ ಕೂತಿರುತ್ತದೆ. ಹೊರತುದಿ ಗಜ್ಜರಿಯ ಹಾಗೆ ಕಿರಿದಾಗುತ್ತ ಹೋಗುತ್ತದೆ. ಗ್ಯಾರೇಜಿನವರು ಟೇಪರ್ ಎನ್ನುವುದು ಇದಕ್ಕೇ. ಅದರ ಮೇಲೆ ಚಕ್ರದ ಹಬ್ ಏರಿಸಿ, ಎರಡರ ನಡುವಿನ ಕಚ್ಚಿಗೆ ಕೀ ಎಂಬ ಸಣ್ಣ ಉಕ್ಕಿನ ತುಂಡು ತೂರಿಸಿ, ತುದಿಗೆ ದೊಡ್ಡ ನಟ್ಟು ಬಿಗಿದು, ನಟ್ಟು ತಿರುಗದಂತೆ ಪಿನ್ ಹಾಕುತ್ತಾರೆ. ಚಕ್ರವನ್ನು ತಿರುಗಿಸುವುದು ಆ ಕೀ ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ. ಬಿಗಿದು ಕೂತ ಟೇಪರಿನ ಹಿಡಿತವೇ ತಿರುಗಿಸಬೇಕು. ನಟ್ಟು ಒಂದು ಚೂರು ಸಡಿಲಾದರೂ ಹಬ್ ಮಿಸುಕಾಡಲು ಶುರುಮಾಡುತ್ತದೆ. ಕ್ಲಚ್ ಬಿಟ್ಟಾಗಲೆಲ್ಲ ಪೆಟ್ಟು ಕೀ ಮೇಲೆ, ಕಚ್ಚಿನ ಮೂಲೆಯ ಮೇಲೆ ಬೀಳುತ್ತದೆ.

ನಮ್ಮ ಜೀಪಿನಲ್ಲಿ ಶಾಫ್ಟ್ ಮುರಿದದ್ದು ಸರಿಯಾಗಿ ಆ ಕಚ್ಚಿನ ಬಳಿ. ಮುರಿದ ಮುಖವನ್ನು ಮೇಸ್ತ್ರಿ ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಕೈಗೆ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಗೆ, ನಯವಾಗಿತ್ತು. ಅದರಲ್ಲಿ ಕೆರೆಯ ನೀರು ಇಳಿದಂತೆ ದಡದಲ್ಲಿ ಉಳಿಯುವ ಗೆರೆಗಳ ಹಾಗೆ, ಒಂದರ ಪಕ್ಕ ಒಂದು ಬಾಗಿದ ಗೆರೆಗಳು. ಉಳಿದ ತುಂಡು ಮಾತ್ರ ಬೆಳ್ಳಗೆ, ಒರಟಾಗಿ, ಸಕ್ಕರೆ ಅಚ್ಚು ಮುರಿದಂತೆ. ‘ಬಿಳೀದು ನಿನ್ನೆ ಮುರಿದದ್ದು. ಕಪ್ಪಂದು ಯಾವಾಗಿಂದಲೋ ಮುರೀತಾ ಇದ್ದದ್ದು’ ಎಂದರು. ಶಾಸನ ಓದುವುದನ್ನು ನನಗೆ ಕಲಿಸಿದವರು ಯಾರೂ ಒಂದೇ ವಾಕ್ಯದಲ್ಲಿ ಇಷ್ಟನ್ನು ಹೇಳಿರಲಿಲ್ಲ.

ಈ ಓದಿಗೆ ದೊಡ್ಡ ಇತಿಹಾಸವೇ ಇದೆ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ 50ಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಬಳಿಕ ಅಚ್ಚುಗಳು ಯಾಕೆ ಮುರಿಯುತ್ತವೆ ಎಂದು ಬರೆದವರಲ್ಲಿ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬ. ಆಗ ಅವನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. (ನನ್ನ ವಯಸ್ಸು ನೆನೆದು ಸ್ವಲ್ಪ ಸಂಕಟವಾಯಿತು.) ಅಚ್ಚಿನಲ್ಲಿ ಚೂಪು ಮೂಲೆ ಇದ್ದೆಡೆ ಬಿರುಕು ಹುಟ್ಟಿ ನಿಧಾನವಾಗಿ ಒಳಕ್ಕೆ ಬೆಳೆಯುತ್ತದೆ ಎಂದು ಅವನು ತೋರಿಸಿದ. ಮುಂದೆ ಪ್ರಷ್ಯಾದ ರೈಲ್ವೆಯ ವೋಲರ್ ಎಂಬಾತ ಅಚ್ಚುಗಳನ್ನು ವರ್ಷಗಟ್ಟಲೆ ಯಂತ್ರದಲ್ಲಿ ತಿರುಗಿಸಿ ನೋಡಿದ. ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವೂ ಮತ್ತೆ ಮತ್ತೆ ಬಿದ್ದರೆ ಸಾಕು ಎಂದು ತೋರಿಸಿದ. ತಿರುಗುತ್ತ ಭಾರ ಹೊರುವ ಅಚ್ಚು ಒಂದೊಂದು ಸುತ್ತಿಗೂ ಒಂದು ಬದಿಯಲ್ಲಿ ಎಳೆಯಲ್ಪಟ್ಟು ಇನ್ನೊಂದು ಬದಿಯಲ್ಲಿ ಒತ್ತಲ್ಪಡುತ್ತದೆ. ತಾತ, ಮಾವ ಇಬ್ಬರ ಕಾಲದ ಸುತ್ತುಗಳನ್ನು ಎಣಿಸಿದವರು ಯಾರು?

ಎತ್ತಿನಗಾಡಿಯಲ್ಲಿ ಹೀಗಾಗುವುದಿಲ್ಲ. ಅದರ ಅಚ್ಚು ತಿರುಗುವುದಿಲ್ಲ, ಬರೀ ಹೊರುತ್ತದೆ. ಚಕ್ರ ಅದರ ಮೇಲೆ ತಿರುಗುತ್ತದೆ, ಜಾರದಂತೆ ಕಡಾಣಿ ತಡೆಯುತ್ತದೆ, ಎಳೆಯುವ ಕೆಲಸ ಎತ್ತುಗಳದು. ಮಾವನ ಜೀಪಿನ ಶಾಫ್ಟಿಗೋ ಎರಡು ಕೆಲಸ. ತಿರುಗಿಸುವುದೂ ಅದೇ, ಹೊರುವುದೂ ಅದೇ. ಇದಕ್ಕೆ ಸೆಮಿ-ಫ್ಲೋಟಿಂಗ್ ಎಂದು ಹೆಸರು. ಲಾರಿಗಳಲ್ಲಿ ಇರುವುದು ಫುಲ್-ಫ್ಲೋಟಿಂಗ್. ಅಲ್ಲಿ ಭಾರವನ್ನು ಹೌಸಿಂಗೇ ಹೊರುತ್ತದೆ, ಎತ್ತಿನಗಾಡಿಯ ಅಚ್ಚಿನಂತೆ. ಶಾಫ್ಟ್ ಬರೀ ತಿರುಗಿಸುತ್ತದೆ. ಬಿ.ಆರ್.ಪಿ. ರಸ್ತೆಯಲ್ಲಿ ಲಾರಿ ನಿಂತಿದ್ದರೆ ಹಿಂದಿನ ಚಕ್ರದ ನಡುವೆ ನೋಡಿ, ಸುತ್ತ ಬೋಲ್ಟು ಬಿಗಿದ ದುಂಡನೆಯ ಮುಖ ಕಾಣುತ್ತದೆ. ಆ ಬೋಲ್ಟು ಬಿಚ್ಚಿದರೆ ಜಾಕ್ ಹಚ್ಚದೆಯೇ ಶಾಫ್ಟ್ ಹೊರಗೆಳೆಯಬಹುದು. ಅದು ಮುರಿದರೂ ಚಕ್ರ ಓಡಿಹೋಗುವುದಿಲ್ಲ.

ನನಗೆ ನಿಜಕ್ಕೂ ಆಶ್ಚರ್ಯವಾದದ್ದು ಆಮೇಲೆ. ಎರಡನೆಯ ಮಹಾಯುದ್ಧಕ್ಕೆಂದು ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವಲ್ಲ, ಅವುಗಳ ಹಿಂದಿನ ಅಚ್ಚು ಫುಲ್-ಫ್ಲೋಟಿಂಗೇ. ಯುದ್ಧ ಮುಗಿದ ಮೇಲೆ ರೈತರಿಗೆಂದು ಬಂದ ಸಿಜೆ-2ಎ ಜೀಪಿನಲ್ಲೂ ಶುರುವಿನಲ್ಲಿ ಅದೇ ಇತ್ತು. ನಡುವೆಯೇ ಅದನ್ನು ತೆಗೆದು ಸೆಮಿ-ಫ್ಲೋಟಿಂಗ್ ಹಾಕಿದರು. ಒಳಗಿನ ಹಲ್ಲುಚಕ್ರಗಳೇನೋ ದಪ್ಪವಾದವು, ಚಕ್ರ ಹಿಡಿಯುವ ಜಾಗಕ್ಕೆ ಮಾತ್ರ ಟೇಪರು, ಕೀ, ನಟ್ಟು ಬಂದವು. ಬಿಡಿಭಾಗ ಕಡಿಮೆ, ಖರ್ಚೂ ಕಡಿಮೆ. ಇವತ್ತು ಹಳೇ ಜೀಪಿನ ಹುಚ್ಚಿನವರು ದುಡ್ಡು ಸುರಿದು ‘ಅಪ್‌ಗ್ರೇಡ್’ ಎಂದು ಹಾಕಿಸುವ ಫುಲ್-ಫ್ಲೋಟಿಂಗ್ ಕಿಟ್ಟು 1941ರ ಜೀಪಿನಲ್ಲಿ ಇದ್ದ ವ್ಯವಸ್ಥೆಯೇ. ಹಾಗಾದರೆ ನಾನು ಕಾಪಾಡಲು ಹೊರಟಿದ್ದ ‘ಮೂಲ’ ಯಾವುದು? ಖರ್ಚು ಉಳಿಸಿದ ಒಂದು ತೀರ್ಮಾನವನ್ನು ಹಳತಾಯಿತೆಂಬ ಒಂದೇ ಕಾರಣಕ್ಕೆ ಪೂಜಿಸುತ್ತಿದ್ದೆ.

ಆದರೂ ನಾನು ತಕ್ಷಣ ಸೋಲಲಿಲ್ಲ. ಎಡಗಡೆಗೆ ಅಂಥದ್ದೇ ಹೊಸ ಟೇಪರ್ ಶಾಫ್ಟ್ ಹಾಕಿಸಿ, ಬಲಗಡೆಯದನ್ನು ಮುಟ್ಟಬೇಡಿ ಎಂದೆ. ಮೇಸ್ತ್ರಿ ಉತ್ತರ ಕೊಡಲಿಲ್ಲ. ಬಲಗಡೆಯ ಶಾಫ್ಟ್ ಎಳೆದು, ಹೊರತುದಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸುಣ್ಣದ ಕಡ್ಡಿಯನ್ನು ಪುಡಿ ಮಾಡಿ ಸವರಿದರು. ‘ಕೂತ್ಕೊಳ್ಳಿ ಮೇಡಂ, ಟೀ ಕುಡೀರಿ.’ ಟೀ ಮುಗಿಯುವಷ್ಟರಲ್ಲಿ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತ್ತು, ಕಚ್ಚಿನ ಮೂಲೆಯಿಂದಲೇ ಹೊರಟು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದು ತಾನಿರುವ ಜಾಗ ಹೇಳಿತ್ತು. ಹತ್ತೊಂಬತ್ತನೆಯ ಶತಮಾನದ ರೈಲ್ವೆ ಕಾರ್ಖಾನೆಗಳಲ್ಲಿ ಅಚ್ಚು ಪರೀಕ್ಷಿಸುತ್ತಿದ್ದದ್ದೂ ಎಣ್ಣೆ, ಸುಣ್ಣ ಹಚ್ಚಿಯೇ.

ಮಾವ ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು. ‘ವಿಂಟೇಜ್ ಅಂತ ಬರೆಸಿದ್ರೆ ದಿನಾ ತೋಟಕ್ಕೆ ಓಡಿಸಂಗಿಲ್ಲ ಅಂತ ನೀನೇ ಹೇಳಿದ್ದೆ ಅಲ್ವೇನೇ?’

ಹೌದು, ಹಾಗೇ ಇದೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು, ತಾಂತ್ರಿಕ ಸಂಶೋಧನೆ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ಗೊಬ್ಬರದ ಮೂಟೆ ಅದರಲ್ಲಿಲ್ಲ, ಅತ್ತೆಯೂ ಇಲ್ಲ.

ಫುಲ್-ಫ್ಲೋಟಿಂಗಿಗೆ ಹೋಗುವಷ್ಟು ದುಡ್ಡು ಮಾವನ ಬಳಿ ಇರಲಿಲ್ಲ. ಫ್ಲಾಂಜನ್ನೂ ಶಾಫ್ಟನ್ನೂ ಒಂದೇ ತುಂಡಾಗಿ ಬಡಿದು ಮಾಡಿದ ಶಾಫ್ಟುಗಳನ್ನು ಎರಡೂ ಕಡೆಗೆ ಹಾಕಿಸಿದರು. ಕೀ ಇಲ್ಲ, ಕಚ್ಚಿಲ್ಲ, ಸಡಿಲಾಗಲು ನಟ್ಟಿಲ್ಲ. ‘ಇದೂ ಮುರಿದ್ರೆ ಚಕ್ರ ಹೋಗುತ್ತೆ. ಆದರೆ ಬಿರುಕು ಬಿಡೋಕೆ ಆ ಮೂಲೆ ಇಲ್ಲ’ ಎಂದು ಮೇಸ್ತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವರ್ಷಕ್ಕೊಮ್ಮೆ ಬಿಚ್ಚಿ ಬೇರಿಂಗ್ ನೋಡಬೇಕೆಂದೂ ಹೇಳಿದರು.

ಮುರಿದ ಶಾಫ್ಟ್ ಈಗ ನನ್ನ ಹಾಸ್ಟೆಲ್ ಮೇಜಿನ ಮೇಲಿದೆ. ಬಲಗಡೆಯದನ್ನೂ ಕೇಳಿದ್ದೆ, ಇಡಿಯಾಗಿ ಇದೆಯಲ್ಲ ಎಂದು. ಮೇಸ್ತ್ರಿ ಅದಾಗಲೇ ಗ್ರೈಂಡರ್ ಹಿಡಿದು ಸರಿಯಾಗಿ ನಡುವೆ ಕತ್ತರಿಸುತ್ತಿದ್ದರು. ಕಿಡಿ ಹಾರುವುದು ನಿಂತ ಮೇಲೆ ಎರಡು ತುಂಡನ್ನೂ ಗುಜರಿ ಡಬ್ಬಕ್ಕೆ ಎಸೆದು ಅಂದರು: ‘ಇಡಿಯಾಗಿ ಬಿಟ್ರೆ ಯಾರಾದ್ರೂ ಒಯ್ದು ಇನ್ನೊಂದು ಜೀಪಿಗೆ ಹಾಕ್ತಾರೆ ಮೇಡಂ.’